ತಿರುಗುವ ಗಿರಣಿಗೆ ಕಿವಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆ ಸುಗ್ಗಿ ಮೂರು ವರ್ಷದ ಹಿಂದಿನದೋ ನಾಲ್ಕು ವರ್ಷದ ಹಿಂದಿನದೋ ನನಗೆ ಖಚಿತವಿಲ್ಲ. ಆ ವಾರ ಮೋಡ ಕವಿದಿದ್ದು ನಿಜ. ಆದರೆ ಮಳೆ ಬಿತ್ತೇ ಎಂದು ಕೇಳಿದರೆ ನಾನೊಂದು ಹೇಳುತ್ತೇನೆ, ನನ್ನ ಡೈರಿ ಇನ್ನೊಂದು ಹೇಳುತ್ತದೆ. ದಿನವೂ ಡೈರಿ ಬರೆಯುವವರ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ನನ್ನ ವಿಷಯದಲ್ಲಿ ಹಾಗಾಗಿಲ್ಲ. ಬರೆದದ್ದನ್ನು ಮತ್ತೆ ಮತ್ತೆ ಓದಿ, ನಡೆದದ್ದು ಮರೆತು ಬರೆದದ್ದಷ್ಟೇ ಉಳಿದಿದೆ.

ಇದನ್ನೆಲ್ಲ ಎಬ್ಬಿಸಿದ್ದು ಒಂದು ವಾಸನೆ. ಕಳೆದ ತಿಂಗಳು ರಾಯಚೂರಿನಲ್ಲಿ ನಾನು ಕಚೇರಿಗೆ ಹೋಗುವ ರಸ್ತೆಯನ್ನು ಅಗೆದಿದ್ದರು. ಪಕ್ಕದ ಓಣಿ ಹಿಡಿದೆ. ಅಲ್ಲೊಂದು ಹಿಟ್ಟಿನ ಗಿರಣಿ. ಬಾಗಿಲಲ್ಲಿ ಒಬ್ಬ ಹೆಂಗಸು ಆಗಷ್ಟೇ ಬೀಸಿಸಿಕೊಂಡ ಜೋಳದ ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು, ಹಿಟ್ಟು ಬೆವರದಿರಲೆಂದು ಮುಚ್ಚಳ ತೆರೆದು ನಿಂತಿದ್ದಳು. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಾನ್ವಿಯಲ್ಲಿದ್ದೆ. ನಾಗಮ್ಮತ್ತಿಯ ಗಿರಣಿಯಲ್ಲಿ ಖಾಲಿ ಚೀಲದ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದರ ಕೀಲಿಗಳ ಸಂದಿಯಲ್ಲಿ ತುಂಬಿದ ಹಿಟ್ಟನ್ನು ಊದಿ ತೆಗೆಯುತ್ತಿದ್ದೆ.

ನನ್ನ ಊರು ದೇವದುರ್ಗ. ಎಂಸಿಎ ಮುಗಿಸಿ ರಾಯಚೂರಿನ ಒಂದು ಸಣ್ಣ ಕಚೇರಿಗೆ ಸೇರಿದ್ದೆ. ಅಲ್ಲಿ ಇದ್ದದ್ದು ಮೂರೇ ಜನ: ನಮ್ಮ ಸರ್, ಖಾಜಾ ಮತ್ತು ನಾನು. ಊರ ಜನರಿಗೆ ಬೇಕಾಗುವ ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕೆಲಸ. ಆ ವರ್ಷವೂ ಮಾನ್ವಿ ತಾಲೂಕಿನ ರೈತರ ಒಂದು ಗುಂಪು ಎರಡು ಭತ್ತ ಕೊಯ್ಯುವ ಯಂತ್ರಗಳನ್ನು ತಮಿಳುನಾಡಿನಿಂದ ತರಿಸಿತ್ತು. ಹಿಂದಿನ ವರ್ಷ ಯಾರ ಹೊಲಕ್ಕೆ ಯಾವಾಗ ಯಂತ್ರ ಹೋಗಬೇಕೆಂದು ಒಂದು ವಹಿಯಲ್ಲಿ ಬರೆಯುತ್ತಿದ್ದರಂತೆ. ದನಿ ದೊಡ್ಡದಿದ್ದವರ ಹೆಸರು ಮೇಲೆ, ದನಿ ಸಣ್ಣದಿದ್ದವರ ಹೆಸರು ಕೆಳಗೆ. ಕೊನೆಗೆ ಜಗಳವಾಗಿ ವಹಿಯೇ ಹರಿದುಹೋಯಿತು. ಹಾಗಾಗಿ ಈ ಸಲ ಎಲ್ಲರೂ ಫೋನಿನಲ್ಲೇ ತಮ್ಮ ಸರದಿ ಹಿಡಿಯುವ ವೆಬ್‌ಸೈಟ್ ಬೇಕೆಂದರು. ನಾವು ಮಾಡಿಕೊಟ್ಟೆವು. ಅದಕ್ಕೆ ‘ಪಾಳಿ’ ಎಂದು ಹೆಸರಿಟ್ಟವಳು ನಾನು.

ಸುಗ್ಗಿ ಶುರುವಾಗುವಷ್ಟರಲ್ಲಿ ಸರ್ ಮಗಳ ಬಾಣಂತನಕ್ಕೆಂದು ಹೈದರಾಬಾದಿಗೆ ಹೊರಟರು. ಹೊರಡುವ ಮುಂಚೆ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದರು: “ಆಫೀಸಿನ ಕಂಪ್ಯೂಟರಿನಾಗ ಏನರ ಆಟ ಆಡ್ರಿ. ಜನ ಬಳಸೋ ಸರ್ವರ್ ಮುಟ್ಟೂದು ಮಾತ್ರ ಮಾದೇವಿ ಹ್ಞೂಂ ಅಂದಮ್ಯಾಲೆ.” ಖಾಜಾ ನನ್ನ ಕಡೆ ನೋಡಿ ಸಲಾಮು ಹೊಡೆದ. ಅವನ ಕೈ ನನ್ನದಕ್ಕಿಂತ ಚುರುಕು. ಸರ್ ನನ್ನನ್ನು ಆರಿಸಿದ್ದು ನನ್ನ ಅಂಜುಬುರುಕುತನಕ್ಕೆ ಎಂದು ಇಬ್ಬರಿಗೂ ಗೊತ್ತಿತ್ತು.

ರೈತರಿಗೆ ಪಾಳಿ ಹಿಡಿಯುವುದನ್ನು ಕಲಿಸಲು ನಾನು ಮಾನ್ವಿಗೆ ಹೋಗಿ ಅತ್ತಿಯ ಮನೆಯಲ್ಲಿ ಉಳಿದೆ. ನಾಗಮ್ಮತ್ತಿ ಅಪ್ಪನ ಅಕ್ಕ. ಮಾವ ಅಕ್ಕಿ ಮಿಲ್ಲಿನ ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮನೆಗೆ ಬರುವವರು. ಗಿರಣಿ ಪೂರ್ತಿ ಅತ್ತಿಯದು. ಅಲ್ಲಿಯೂ ಪಾಳಿಯೇ ದೊಡ್ಡದು. ಬಾಗಿಲಿನಿಂದ ಬೀದಿಯವರೆಗೆ ಡಬ್ಬಿಗಳು ಸಾಲಾಗಿ ನಿಂತಿರುತ್ತಿದ್ದವು. ಒಂದಕ್ಕೆ ಕೆಂಪು ಬಳೆ ಕಟ್ಟಿದೆ, ಒಂದರ ಮುಚ್ಚಳ ಇನ್ನೊಂದರದು, ಒಂದರ ಮೇಲೆ ಮಗುವಿನ ಹೆಸರು. ಡಬ್ಬಿ ಇಟ್ಟು ಹೆಂಗಸರು ಸಂತೆಗೋ ದವಾಖಾನೆಗೋ ಹೋಗಬಹುದು. ಡಬ್ಬಿ ಇದ್ದರೆ ಪಾಳಿ ಇದ್ದಂತೆ. ತಹಶೀಲ್ದಾರರ ಮನೆಯಿಂದ ಬಂದ ಸ್ಟೀಲಿನ ಡಬ್ಬಿಯನ್ನು ಯಾರೋ ಮುಂದೆ ಸರಿಸಲು ಹೋದಾಗ ಅತ್ತಿ ಹೇಳಿದ್ದು ನನಗೆ ಕೇಳಿದಂತೆಯೇ ಇದೆ: “ಡಬ್ಬಿಗೆ ನೌಕರಿ ಇಲ್ಲವ್ವ. ಹಿಂದಕ ಇಡು.”

ಅತ್ತಿಯ ಹತ್ತಿರ ಒಂದು ಕೋಲಿತ್ತು. ಮೊಳಕ್ಕಿಂತ ಸ್ವಲ್ಪ ಉದ್ದದ ಒಣ ಜಾಲಿ ಕೋಲು, ಕೈಯಾಡಿ ಕೈಯಾಡಿ ನುಣುಪಾಗಿತ್ತು. ಗಿರಣಿಯ ಸದ್ದು ಬದಲಾಯಿತೆನಿಸಿದರೆ ಅದರ ಒಂದು ತುದಿಯನ್ನು ಬೇರಿಂಗಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಗ ಯಾರೂ ಮಾತಾಡುವಂತಿಲ್ಲ. ಎಡಗೈ ಎತ್ತಿ ತಡೆಯುತ್ತಿದ್ದಳು. ಆ ಎಡಗೈಯ ಉಂಗುರ ಬೆರಳಿಗೆ ಉಗುರಿಲ್ಲ, ತುದಿ ಚಪ್ಪಟೆ. ಬಸ್ಸಿನ ಬಾಗಿಲಿಗೆ ಸಿಕ್ಕಿದ್ದೆಂದು ಅಪ್ಪ ಹೇಳುತ್ತಾನೆ, ಹುಟ್ಟಿನಿಂದಲೇ ಹಾಗೆಂದು ಅವ್ವ ಹೇಳುತ್ತಾಳೆ. ಅತ್ತಿಯನ್ನು ಯಾರೂ ಕೇಳಿರಲಿಲ್ಲ.

ಮೊದಲ ಹತ್ತು ದಿನ ನಮಗೆ ಹಬ್ಬ. ಚೀಕಲಪರ್ವಿಯ ಒಬ್ಬ ಮುದುಕ ಫೋನಿನಲ್ಲಿ ಪಾಳಿ ಹಿಡಿದ; ಅದು ಸಿಕ್ಕಿತೋ ಇಲ್ಲವೋ ನೋಡಲು ಬಸ್ಸು ಹತ್ತಿ ಗಿರಣಿಗೇ ಬಂದ. “ಫೋನ್ನ್ಯಾಗ ಪಾಳಿ ಬಂದದ ಅಂತ ತೋರ್ಸಾಕತ್ತದ ತಂಗಿ, ಖರೇನ?” ಖರೇ ಎಂದೆ. “ಹಂಗಾದ್ರ ಒಂದು ಚೀಟಿ ಬರಕೊಡು.” ಬರೆದುಕೊಟ್ಟೆ. ಅತ್ತಿ ಬಿದ್ದು ಬಿದ್ದು ನಕ್ಕಳು. “ನಿನ್ನ ಕಂಪ್ಯೂಟರಿಗೆ ನಿನ್ನ ಚೀಟಿ ಜಾಮೀನಾತು ನೋಡು.”

ಹನ್ನೊಂದನೆಯ ದಿನ, ಸೋಮವಾರ ಬೆಳಿಗ್ಗೆ, ಹಿರೇಕೊಟ್ನೆಕಲ್‌ನಿಂದ ಐದಾರು ಜನ ಬಂದರು. ಮುಂದೆ ನಿಂತವರು ಪಂಪಣ್ಣ ಮಾಸ್ತರು. ಕನ್ನಡ ಶಾಲೆಯಿಂದ ನಿವೃತ್ತರಾಗಿ ಈಗ ನಾಲ್ಕೆಕರೆ ಭತ್ತ ಬೆಳೆಯುವವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

“ನಮ್ಮೂರ ಹೆಸರು ಕೇಳಿದ ಕೂಡ್ಲೆ ನಿಮ್ಮ ಪಾಳಿ ಮೂರ್ಛಿ ಹೋಗಾಕತ್ತದ ನೋಡವ್ವ,” ಎಂದರು ಮಾಸ್ತರು.

ಅವರ ಫೋನಿನಲ್ಲಿ ನಾನೇ ಬರೆದ ಸಂದೇಶ ನಿಂತಿತ್ತು: ‘ಏನೋ ತಪ್ಪಾಗಿದೆ. ದಯವಿಟ್ಟು ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ.’ ಅದರ ಸಭ್ಯತೆಯ ಬಗ್ಗೆ ನನಗೆ ಹೆಮ್ಮೆಯಿತ್ತು.

“ಸ್ವಲ್ಪ ಹೊತ್ತು ಅಂದ್ರ ಎಷ್ಟು ಹೊತ್ತವ್ವ?” ಹಿಂದಿನಿಂದ ಒಬ್ಬರು ಕೇಳಿದರು. “ನಿನ್ನಿ ಮುಂಜಾನಿಂದ ದಯವಿಟ್ಟು ಪ್ರಯತ್ನ ಮಾಡಾಕತ್ತೀನಿ.”

ನನ್ನ ಫೋನಿನಲ್ಲಿ ಊರಿನ ಹೆಸರು ಬರೆದು ನೋಡಿದೆ. ಸಲೀಸಾಗಿ ಹೋಯಿತು. ರಾಯಚೂರಿನ ಕಚೇರಿಯಲ್ಲಿದ್ದ ವೆಬ್‌ಸೈಟಿನ ನಕಲಿನಲ್ಲಿ ಖಾಜಾ ಬರೆದು ನೋಡಿದ. ಅಲ್ಲೂ ಹೋಯಿತು. ಅವರ ಫೋನುಗಳಲ್ಲಿ ಮಾತ್ರ ಇಲ್ಲ. ಹಾಗಿದ್ದರೆ ಎಲ್ಲರ ಪಾಳಿಯನ್ನೂ ನನ್ನ ಫೋನಿನಿಂದಲೇ ಹಿಡಿದುಕೊಡುತ್ತೇನೆ ಎಂದೆ. ಮಾಸ್ತರು ಒಪ್ಪಲಿಲ್ಲ.

“ಬ್ಯಾಡವ್ವ. ನಿನ್ನ ಮಗ್ಗಲಾಗ ಬಂದು ನಿಂತವರಿಗೆ ಪಾಳಿ ಅಂತಾದ್ರ, ಹ್ವಾದ ವರ್ಷದ ವಹಿಗೂ ಇದಕ್ಕೂ ಏನು ಫರಕು? ಊರಾಗ ಬರಲಾರದವರು ಮೂವತ್ತು ಮನಿ ಅದಾವ. ಮಿಷಿನ್ ರಿಪೇರಿ ಮಾಡು, ನಾವು ಕಾಯ್ತೀವಿ.”

ಆದರೆ ಕಾಯಲು ಅವರ ಬಳಿ ದಿನಗಳಿರಲಿಲ್ಲ. ಭತ್ತ ಬಲಿತು ತೆನೆ ಬಾಗಿತ್ತು. ಅವರ ಭಾಗದ ಯಂತ್ರ ಶನಿವಾರ ಸಿಂಧನೂರಿನ ಕಡೆ ದಾಟಬೇಕಿತ್ತು. ಅದು ಹೋದರೆ ಮತ್ತೆ ಬರುವುದು ಎರಡು ವಾರಕ್ಕೆ. ಸಾಲದ್ದಕ್ಕೆ ಸಮುದ್ರದ ಕಡೆ ಚಂಡಮಾರುತವೆಂದು ಟಿವಿಯಲ್ಲಿ ಹೇಳುತ್ತಿದ್ದರು. ಮಲಗಿದ ಭತ್ತದ ಮೇಲೆ ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ. ಮನೆಯಲ್ಲೇ ಕೂತು ಪಾಳಿ ಹಿಡಿಯಿರಿ, ಯಾರ ಬಾಗಿಲಿಗೂ ಹೋಗಬೇಡಿ ಎಂದು ಆ ಊರಿನ ಗುಡಿ ಕಟ್ಟೆಯ ಮೇಲೆ ನಿಂತು ಹೇಳಿದವಳು ನಾನು.

ಖಾಜಾ ಫೋನ್ ಮಾಡಿದ. “ಡಿಬಗ್ ಆನ್ ಮಾಡೂಣು ಮಾದೇವಿ. ದಸ್ ಮಿನಿಟ್, ಬಸ್.”

ಅವನು ಹೇಳಿದ್ದನ್ನು ಸರಳವಾಗಿ ಬಿಡಿಸುತ್ತೇನೆ. ವೆಬ್‌ಸೈಟ್ ಎಡವಿದಾಗ ಜನರಿಗೆ ಕಾಣುವುದು ಒಂದು ಸಭ್ಯ ಸಾಲು. ಒಳಗೆ ಎಲ್ಲಿ, ಏಕೆ ಎಡವಿತೆಂಬುದು ಮುಚ್ಚಿರುತ್ತದೆ. ಡಿಬಗ್ ಎಂಬ ಗುಂಡಿ ಒತ್ತಿದರೆ ಮುಚ್ಚಳ ತೆರೆಯುತ್ತದೆ. ಎಡವಿದ ಜಾಗ, ಆ ಕ್ಷಣ ಯಂತ್ರದ ಕೈಯಲ್ಲಿದ್ದ ಮಾಹಿತಿ ಎಲ್ಲವೂ ಪರದೆಯ ಮೇಲೆ ಬರುತ್ತದೆ. ಕಚೇರಿಯ ನಕಲಿನಲ್ಲಿ ಅದು ಸದಾ ತೆರೆದೇ ಇರುತ್ತದೆ, ಏಕೆಂದರೆ ಅಲ್ಲಿ ನೋಡುವವರು ನಾವೇ. ಜನ ಬಳಸುವ ಸರ್ವರಿನಲ್ಲಿ ತೆರೆದರೆ ನಮಗೆ ಕಾಣುವುದೆಲ್ಲ ಎಡವಿದವರಿಗೂ ಕಾಣುತ್ತದೆ.

“ಬ್ಯಾಡ,” ಎಂದೆ.

“ಬಿಚ್ಚಿ ನೋಡ್ದ ಹೆಂಗ ಗೊತ್ತಾಗ್ತದ? ಡಾಕ್ಟರ್ ಹೊಟ್ಟಿ ಕೊಯ್ಯಂಗಿಲ್ಲೇನು?”

“ಪೇಷಂಟ್ ಸಂತ್ಯಾಗ ನಿಂತು ಬದನಿಕಾಯಿ ಆರ್ಸಾಕತ್ತಾಗ ಕೊಯ್ಯಂಗಿಲ್ಲ.”

“ಹಂಗಾದ್ರ ಇನ್ನೊಂದು ಮಾಡೂಣು. ಪ್ರೋಗ್ರಾಮ್ ಎಡವೋ ಸಾಲಿನಾಗ ಅದನ್ನ ನಿಂದ್ರಿಸಿ, ಒಳಗ ಇಣುಕಿ, ಮತ್ತ ಬಿಡೂಣು.”

“ನಾವು ನಿಂದ್ರಿಸಿದಷ್ಟು ಹೊತ್ತು ತಾಲೂಕಿಗೆ ತಾಲೂಕೇ ನಿಲ್ತದ ಖಾಜಾ. ಒಬ್ಬರ ಪಾಳಿ ನೋಡಾಕ ಎಲ್ಲರ ಪಾಳಿ ನಿಲ್ಲಿಸೂದೇನು?”

ಚೀಲ ಕಟ್ಟುತ್ತಿದ್ದ ಅತ್ತಿ ಗಿರಣಿಯ ಮಾತೆಂದೇ ತಿಳಿದಳು. “ಯಾವನಬೇ ಅವ, ನಡಿಯೋ ಗಿರಣಿ ನಿಲ್ಲಸ್ತೀನಿ ಅನ್ನಾವ? ಬಾಯಾಗ ಕಾಳಿದ್ದಾಗ ನಿಲ್ಲಿಸಿದ್ರ ಮತ್ತ ತಿರುಗೂದಿಲ್ಲ, ಬೆಲ್ಟು ಹರಕೊಂತದ. ಮತ್ತ ತಿರುಗೋ ಗಿರಣಿ ಬಾಯಾಗ ಇಣುಕೂದೂ ಅಲ್ಲ. ಕಿವಿ ಕೊಡಬೇಕು, ಕಣ್ಣು ಕೊಡಬಾರದು ಅಂತ ಹೇಳು ಅವಗ.”

ಹೇಳಿದೆ. ಖಾಜಾ, “ಅತ್ತಿಗೆ ನಮ್ಮ ಆಫೀಸಿನಾಗ ನೌಕರಿ ಕೊಡ್ರಿ,” ಎಂದು ಫೋನಿಟ್ಟ. ಇಲ್ಲಿಯವರೆಗೂ ನಾನು ಸರಿಯಾಗಿಯೇ ನಡೆದುಕೊಂಡಿದ್ದೆ. ಇಲ್ಲಿಗೇ ನಿಲ್ಲಿಸುವಂತಿದ್ದರೆ ಈ ಬರಹ ನನ್ನನ್ನು ಹೊಗಳುತ್ತಿತ್ತು.

ಮಂಗಳವಾರವೆಲ್ಲ ಇಬ್ಬರೂ ಹುಡುಕಿದೆವು. ಸಿಗಲಿಲ್ಲ. ಬುಧವಾರ ಮಧ್ಯಾಹ್ನ ಗಿರಣಿಯ ತಗಡಿನ ಮಾಡಿನ ಮೇಲಿನ ಬಿಸಿಲು ಇದ್ದಕ್ಕಿದ್ದಂತೆ ಆರಿತು. ಹೊರಗೆ ಬಂದು ನೋಡಿದರೆ ಪೂರ್ವದಿಂದ ಬೂದಿ ಬಣ್ಣದ ಮೋಡ ಹಾಸಿಕೊಂಡು ಬರುತ್ತಿತ್ತು. ಬೀದಿಯ ಆಚೆ ಒಬ್ಬಳು ಒಣ ಹಾಕಿದ ಮೆಣಸಿನಕಾಯಿ ಬಾಚಿಕೊಳ್ಳುತ್ತಿದ್ದಳು. ನಾನು ಖಾಜಾನಿಗೆ ಫೋನ್ ಮಾಡಿ ಹ್ಞೂಂ ಎಂದೆ. ಮೂರು ಗಂಟೆಗೆ, ಹತ್ತೇ ನಿಮಿಷ. ಆ ಹೊತ್ತಿಗೆ ಊಟ ಮುಗಿಸಿ ಅಡ್ಡಾದ ರೈತರಲ್ಲಿ ಯಾರು ತಾನೆ ಪಾಳಿ ಹಿಡಿಯುತ್ತಾರೆ ಎಂಬುದು ನನ್ನ ಲೆಕ್ಕ. ನಮಗೆ ಒಂದು ಸಲ ಎಡವಿ ತೋರಿಸಲು ಮಾಸ್ತರು ಸಾಕು. ಅವರಿಗೆ ಫೋನ್ ಮಾಡಿ, ಮೂರು ಗಂಟೆಗೆ ಸರಿಯಾಗಿ ಒಮ್ಮೆ ಪ್ರಯತ್ನಿಸಿ ಎಂದೆ.

ಮಾಸ್ತರು ಮಾಸ್ತರೇ. ಒಬ್ಬರೇ ಹೇಗೆ ಪ್ರಯತ್ನಿಸಿಯಾರು? ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು: ಸರಿಯಾಗಿ ಮೂರು ಗಂಟೆಗೆ ಎಲ್ಲರೂ ತಪ್ಪದೆ ಹಾಜರಿರಬೇಕು.

ಮೂರಕ್ಕೆ ಗುಂಡಿ ಆನ್ ಆಯಿತು. ಆ ಹತ್ತು ನಿಮಿಷದಲ್ಲಿ ನಾವು ಕಂಡದ್ದು ಇಷ್ಟು: ಜನ ಬರೆದ ಊರಿನ ಹೆಸರು ನಮ್ಮ ಊರುಗಳ ಪಟ್ಟಿಯಲ್ಲಿ ಸಿಗುತ್ತಿಲ್ಲ, ಸಿಗದ್ದಕ್ಕೆ ಯಂತ್ರ ಎಡವುತ್ತಿದೆ. ಅವರು ಬರೆದದ್ದು ಹಿರೇಕೊಟ್ನೆಕಲ್. ನಮ್ಮ ಪಟ್ಟಿಯಲ್ಲಿದ್ದದ್ದೂ ಹಿರೇಕೊಟ್ನೆಕಲ್.

“ಎರಡೂ ಅದೇ ಅದಾವಲ್ಲ ಮಾದೇವಿ!” ಫೋನಿನಲ್ಲಿ ಖಾಜಾ ಕೂಗಿದ. ನಾನು ಪರದೆಗೆ ಮೂಗು ತಾಗಿಸಿ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಅದೇ. ಮುಚ್ಚಳ ತೆಗೆದು ಕಣ್ಣಿಟ್ಟು ನೋಡಿದರೂ ಕಂಡದ್ದು ಶೂನ್ಯ.

ಅವರಿಗೆ ಕಂಡದ್ದು ಮಾತ್ರ ಬೇರೆ. ಪುಟದ ತುಂಬ ಅರ್ಥವಾಗದ ಇಂಗ್ಲಿಷು. ಅದರ ನಡುವೆ, ಆ ಹೊತ್ತಿನಲ್ಲಿ ಯಂತ್ರದ ಕೈಯಲ್ಲಿದ್ದ ಮಾಹಿತಿಯಾಗಿ, ಆ ಭಾಗದ ಕೊಯ್ಲು ಯಂತ್ರದ ಡ್ರೈವರ್ ಸೆಲ್ವಂನ ಹೆಸರು ಮತ್ತು ಫೋನ್ ನಂಬರು. ಆ ನಂಬರನ್ನು ಯಾರಿಗೂ ಕೊಡುವುದಿಲ್ಲವೆಂದು ನಾವು ಸೆಲ್ವಂಗೆ ಮಾತು ಕೊಟ್ಟಿದ್ದೆವು. ಹಿಂದಿನ ವರ್ಷ ದನಿ ದೊಡ್ಡವರು ಅವನ ಕಿವಿ ತಿಂದಿದ್ದರಿಂದ ಅವನು ಹಾಕಿದ ಒಂದೇ ಷರತ್ತು ಅದು.

ನಾಲ್ಕು ಗಂಟೆಗೆ ಮಾಸ್ತರು ತಮ್ಮ ಟಿವಿಎಸ್ ಮೇಲೆ ಗಿರಣಿಗೆ ಬಂದರು, ಮುಖದಲ್ಲಿ ಸಂತೋಷ. “ಭಾಳ ಛಲೋ ಮಾಡಿದಿ ತಂಗಿ. ಇಂಗ್ಲಿಷ್ ತಿಳಿಲಿಲ್ಲ, ನಂಬರು ತಿಳಿತು. ಊರ ಮಂದಿ ಎಲ್ಲಾ ಹಚ್ಚಾಕತ್ತಾರ. ಆದ್ರ ಅಂವ ಫೋನ್ ಬಂದ್ ಮಾಡ್ಯಾನ ನೋಡು.”

ಸೆಲ್ವಂ ಫೋನ್ ಆರಿಸಿದರೆ ಮುಂದಿನ ಹೊಲ ಯಾವುದೆಂದು ಅವನಿಗೆ ತಿಳಿಸುವ ದಾರಿ ನಮಗೂ ಇಲ್ಲ. ಅತ್ತಿಗೆ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಒಂದು ಗಳಿಗೆ ನನ್ನ ಕೈಗಳನ್ನೇ ನೋಡಿದಳು. “ಕೈ ಸಾಬೀತು ಅದಾವಲ್ಲ, ಎಲ್ಲೂ ಮುಕ್ಕಾಗಿಲ್ಲಲ್ಲ? ಹೋಗು, ಆ ಹುಡುಗನ್ನ ಹುಡುಕಿ ಉಂಡಾನಿಲ್ಲೋ ಕೇಳು ಮೊದಲ,” ಎಂದು ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಮಾಸ್ತರ ಹಿಂದೆ ಕೂತು ಚೀಕಲಪರ್ವಿಯ ದಾರಿ ಹಿಡಿದೆ. ಬೆಳಿಗ್ಗೆ ಸೆಲ್ವಂನ ಪಾಳಿ ಆ ಕಡೆಯಿತ್ತು. ತಪ್ಪಿತಸ್ಥಳಾಗಿ ಹೋಗುತ್ತಿದ್ದರೂ ಆ ದಾರಿಯನ್ನು ನೆನೆದರೆ ಈಗಲೂ ಖುಷಿಯೇ ಮೊದಲು ಬರುತ್ತದೆ. ಎರಡೂ ಕಡೆ ಬಂಗಾರದ ಬಣ್ಣದ ಭತ್ತ, ಮೇಲೆ ಕಪ್ಪು ಮೋಡ, ಕೊಯ್ದ ಗದ್ದೆಗಳಲ್ಲಿ ಬೆಳ್ಳಕ್ಕಿ. ಮಾಸ್ತರು ಗುಂಡಿ ಬಂದಲ್ಲೆಲ್ಲ “ವಿರಾಮ!” ಎಂದು ಕೂಗಿ ಬ್ರೇಕು ಹಾಕುತ್ತಿದ್ದರು.

ಸೆಲ್ವಂ ತುಂಗಭದ್ರೆಯ ದಂಡೆಯಲ್ಲಿ, ಬೇವಿನ ಮರದ ಕೆಳಗೆ ಯಂತ್ರ ನಿಲ್ಲಿಸಿ, ಅದರ ಮಗ್ಗುಲಲ್ಲಿ ಕಾಲು ಚಾಚಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ತಪ್ಪು ನನ್ನದು, ನಿನಗೆ ಕೊಟ್ಟ ಮಾತು ಮುರಿದೆ ಎಂದೆ. ಅವನ ಕನ್ನಡ ನಾಲ್ಕು ಸುಗ್ಗಿಯಷ್ಟು ಹಳೆಯದು.

“ಅಕ್ಕಾ, ಒಬ್ರು ಫೋನು, ಬಾ. ಇನ್ನೊಬ್ರು ಫೋನು, ಮೊದಲು ನಮ್ದು. ಒಂದು ಅಜ್ಜಿ ಫೋನು, ಊಟ ಆಯ್ತಾ ಮಗಾ, ಮದುವೆ ಆಯ್ತಾ. ನಾನು ಭಯ ಆಗಿ ಆಫ್ ಮಾಡ್ದೆ.”

“ಅಜ್ಜಿಗೆ ಏನಂದಿಪಾ?” ಮಾಸ್ತರು ಕೇಳಿದರು.

“ಊಟ ಆಗಿಲ್ಲ, ಮದುವೆ ಆಗಿದೆ ಅಂದೆ.”

ರೊಟ್ಟಿ ಬಿಚ್ಚಿದೆ. ಮೂವರೂ ತಿಂದೆವು. ಸೆಲ್ವಂ ಫೋನ್ ಆನ್ ಮಾಡಿದ. ಅದು ತಪ್ಪಿದ ಕರೆಗಳ ಸದ್ದನ್ನು ನಿಲ್ಲಿಸಲು ಎಷ್ಟೋ ಹೊತ್ತು ಬೇಕಾಯಿತು. ಶನಿವಾರದವರೆಗೆ ಕಾಯುತ್ತೇನೆ, ಅದರಾಚೆ ತನ್ನ ಕೈಯಲ್ಲಿಲ್ಲ ಎಂದ.

ಗುರುವಾರ ಬೆಳಿಗ್ಗೆ ಗಿರಣಿಯ ಸದ್ದು ಬದಲಾಗಿತ್ತಂತೆ. ನನಗೆ ಗೊತ್ತಾಗಲಿಲ್ಲ. ಅತ್ತಿ ಕೋಲು ತೆಗೆದುಕೊಂಡು ಬೇರಿಂಗಿಗಿಟ್ಟು ಕಣ್ಣು ಮುಚ್ಚಿದಳು. ಸಾಲಿನಲ್ಲಿದ್ದ ಹೆಂಗಸರು ಗಪ್ಪಾದರು. ಕಣ್ಣು ತೆರೆದು ಅಂದಳು: “ನೋಡಿದ್ರ ಎಲ್ಲಾ ಸರಿನ ಕಾಣ್ತದ. ಬೇರಿಂಗಿನ ಒಳಗ ಒಂದು ಗುಂಡು ಹೆಚ್ಚಿಗಿ ಮಾತಾಡಾಕತ್ತದ.”

ನೋಡಿದರೆ ಸರಿ, ಒಳಗೆ ಒಂದು ಹೆಚ್ಚಿಗೆ. ನಾನು ಡಬ್ಬಿಗಳ ನಡುವೆ ಜಾಗ ಮಾಡಿಕೊಂಡು ಕೂತು ಖಾಜಾನಿಗೆ ಫೋನ್ ಹಚ್ಚಿದೆ. ಗುಂಡಿ ಒತ್ತುವುದು ಬೇಡ, ಮುಚ್ಚಳ ತೆಗೆಯುವುದು ಬೇಡ. ಸರ್ವರ್ ತಾನು ಮಾಡುವ ಕೆಲಸ ಮಾಡುತ್ತಲೇ ಒಂದು ಡೈರಿ ಬರೆಯಲಿ. ಊರಿನ ಹೆಸರು ಬಂದಾಗಲೆಲ್ಲ ಆ ಹೆಸರು, ಅದರಲ್ಲಿ ಎಷ್ಟು ಅಕ್ಷರ, ಅಷ್ಟೇ. ಫೋನ್ ನಂಬರಿಲ್ಲ, ಜನರ ಹೆಸರಿಲ್ಲ. ಆ ಡೈರಿ ನಾವಿಬ್ಬರಲ್ಲದೆ ಮತ್ತಾರಿಗೂ ಕಾಣುವುದಿಲ್ಲ. ಡೈರಿಯಲ್ಲಿ ಏನು ಬರೆಯಬಾರದು ಎಂಬುದು ಡೈರಿ ಬರೆಯುವವಳಿಗಿಂತ ಬೇರೆ ಯಾರಿಗೆ ಚೆನ್ನಾಗಿ ಗೊತ್ತು? ಮೊದಲು ಕಚೇರಿಯ ನಕಲಿನಲ್ಲಿ ಪರೀಕ್ಷಿಸಿ, ಆಮೇಲೆ ಸರ್ವರಿಗೆ ಹಾಕಿದೆವು. ಮಾಸ್ತರಿಗೆ ಒಬ್ಬರೇ, ದಯವಿಟ್ಟು ಒಬ್ಬರೇ ಪ್ರಯತ್ನಿಸಿ ಎಂದೆ.

ಕಂಪ್ಯೂಟರು ಮೂಲ ಅಕ್ಷರ, ಗುಡಿಸು, ಏತ್ವ, ಒತ್ತಿನ ಗುರುತು ಎಲ್ಲವನ್ನೂ ಬಿಡಿ ಬಿಡಿಯಾಗಿ ಎಣಿಸುತ್ತದೆ. ನಮ್ಮ ಪಟ್ಟಿಯ ಹಿರೇಕೊಟ್ನೆಕಲ್‌ನಲ್ಲಿ ಹದಿಮೂರು. ಮಾಸ್ತರ ಹಿರೇಕೊಟ್ನೆಕಲ್‌ನಲ್ಲಿ ಹದಿನಾಲ್ಕು.

“ಯಾ ಅಲ್ಲಾ!” ಖಾಜಾನ ದನಿ ಗಿರಣಿಯ ಸದ್ದನ್ನೂ ಮೀರಿ ಕೇಳಿಸಿತು. “ಒಂದು ಅಕ್ಷರ ಜಾಸ್ತಿ ಅದ. ಕಣ್ಣಿಗಿ ಕಾಣ್ಸವಲ್ದು.”

ಗಿರಣಿಗೆ ಬಂದಿದ್ದ ಮಾಸ್ತರನ್ನು ಕೇಳಿದೆ: ಸರ್, ಊರ ಹೆಸರನ್ನು ಹೇಗೆ ಬರೆಯುತ್ತೀರಿ? ಅವರಿಗೆ ಖುಷಿಯಾಯಿತು; ಯಾರೂ ಅದನ್ನು ಕೇಳಿರಲಿಲ್ಲ. “ಕಲ್ ಅಂತ ಬರದು ಮುಂದ ನ ಹಾಕಿದ್ರ, ಈ ಫೋನು ನ-ಕಾರವನ್ನ ಲ-ಕಾರದ ಕಾಲಾಗ ತುರುಕ್ತದವ್ವ. ಕಲ್ನ! ಅಸಹ್ಯ. ಅದಕ್ಕ ಲ್ ಆದಮ್ಯಾಲೆ ಅಕ್ಷರ ಬಿಡಿಸೋ ಕೀಲಿ ಒಂದು ಅದ, ಮುಂದ ನ ಇರಲಿ ಬಿಡಲಿ ಅದನ್ನ ಒತ್ತಿಬಿಡ್ತೀನಿ. ಕಾಣಂಗಿಲ್ಲ, ಆದ್ರ ಲ್ ತಲಿ ಎತ್ತಿ ನಿಲ್ತದ. ಊರ ಮಂದಿ ತಪ್ಪು ಬರೀಬಾರದು ಅಂತ ಗುಂಪಿನಾಗ ಹಾಕೀನಿ, ಎಲ್ಲಾರೂ ಅದನ್ನ ನಕಲು ಮಾಡಿ ಅಂಟಸ್ತಾರ.”

ಇಡೀ ಊರು, ಕಣ್ಣಿಗೆ ಕಾಣದ ಆ ಹದಿನಾಲ್ಕನೆಯ ಅಕ್ಷರದ ಸಮೇತ, ತಮ್ಮ ಮಾಸ್ತರ ಶುದ್ಧ ಕನ್ನಡವನ್ನು ನಮ್ಮ ಪಾಳಿಗೆ ಅಂಟಿಸುತ್ತಿತ್ತು. ಚೀಕಲಪರ್ವಿಯಂಥ ಹೆಸರುಗಳು ಸ್ವರದಲ್ಲಿ ಮುಗಿಯುತ್ತವೆ, ಅವಕ್ಕೆ ಈ ಪಾಡಿಲ್ಲ. ನಾನೂ ಖಾಜಾನೂ ಅವಸರದ ಕನ್ನಡದವರು, ಆ ಕೀಲಿಯನ್ನು ಎಂದೂ ಮುಟ್ಟಿರಲಿಲ್ಲ. ಅದಕ್ಕೇ ನಮ್ಮ ಕೈಯಲ್ಲಿ ಎಲ್ಲವೂ ಸರಿ. ಸಂಗತಿ ತಿಳಿದ ಮಾಸ್ತರು ತಲೆಗೆ ಕೈ ಹಚ್ಚಿದರು.

“ಅಂದ್ರ ಎಲ್ಲಾರಿಗಿಂತ ಸರಿ ಬರದಿದ್ದೇ ತಪ್ಪಾತೇನವ್ವ?”

“ತಪ್ಪು ನಿಮ್ಮದಲ್ಲ ಸರ್, ನಮ್ಮದು. ನಮ್ಮ ಯಂತ್ರಕ್ಕ ಅಷ್ಟು ಶುದ್ಧ ಕನ್ನಡ ಬರೂದಿಲ್ಲ.”

ಕಾಣದ ಅಕ್ಷರವನ್ನು ಕಂಡರೆ ಬಿಟ್ಟುಬಿಡು ಎಂದು ಸರ್ವರಿಗೆ ಹೇಳುವುದಕ್ಕೆ ಒಂದೇ ಸಾಲು ಸಾಕಾಯಿತು. ಮಧ್ಯಾಹ್ನದೊಳಗೆ ಹಿರೇಕೊಟ್ನೆಕಲ್‌ನ ಮನೆಮನೆಯಿಂದ ಪಾಳಿ ಬಂದವು, ಒಂದರ ಹಿಂದೆ ಒಂದು, ಅತ್ತಿಯ ಬಾಗಿಲಿನ ಡಬ್ಬಿಗಳ ಹಾಗೆ. ಮಾಸ್ತರದ್ದು ಒಂಬತ್ತನೆಯದು. ಅವರು ತಮ್ಮ ಶುದ್ಧ ಹೆಸರನ್ನು ಬದಲಿಸದೆ ಅಂಟಿಸಿದರು, ಯಂತ್ರ ತೆಗೆದುಕೊಂಡಿತು.

ಶುಕ್ರವಾರ ಮತ್ತು ಶನಿವಾರ ಸೆಲ್ವಂ ಹಿರೇಕೊಟ್ನೆಕಲ್ ಗದ್ದೆಗಳಲ್ಲಿ ಯಂತ್ರ ಓಡಿಸಿದ. ನಾನು ಶನಿವಾರ ಹೋದೆ. ಯಂತ್ರ ಹೊಲದ ತುದಿಗೆ ಬಂದು ತನ್ನ ಹೊಟ್ಟೆಯ ಕಾಳನ್ನು ಟ್ರ್ಯಾಕ್ಟರಿಗೆ ಸುರಿಯುವಾಗ ಊರಿನ ಹೆಂಗಸರು ಧೂಳಿನಲ್ಲೇ ಕೈಯೊಡ್ಡಿ ಒಂದು ಹಿಡಿ ಹಿಡಿದು ಮೂಸುತ್ತಿದ್ದರು. ಮದುವೆಯ ವಿಚಾರ ಕೇಳಿದ್ದ ಅಜ್ಜಿ ಸೆಲ್ವಂನಿಗೆ ಊಟ ತಂದಿದ್ದಳು. ಮದುವೆಯಾದ ಹುಡುಗನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಅತ್ತಿಯೂ ಬಂ­ದಿದ್ದಳು, ಗಿರಣಿಗೆ ಬೀಗ ಹಾಕಿ, ಕೋಲು ಹಿಡಿದು. ಸೆಲ್ವಂ ಯಂತ್ರವನ್ನು ನಿಲ್ಲಿಸಿ ಎಂಜಿನ್ ಮಾತ್ರ ಓಡಲು ಬಿಟ್ಟಿದ್ದಾಗ ಅತ್ತಿ ಅದರ ಮಗ್ಗುಲಿಗೆ ಕೋಲಿಟ್ಟು ಕಿವಿಗೊಟ್ಟಳು. ಸೆಲ್ವಂ ನಕ್ಕ. ಅವಳು ಎಡಗಡೆಯ ಒಂದು ಜಾಗ ತೋರಿಸಿ, “ಇಲ್ಲಿ ಎಣ್ಣಿ ಕೇಳಾಕತ್ತದ,” ಎಂದಳು. ಬಿಚ್ಚಿ ನೋಡಿದವನು ನಗು ನಿಲ್ಲಿಸಿ ಅತ್ತಿಯ ಕಾಲಿಗೆ ಬಿದ್ದ.

ಖಾಜಾ ಹೇಳುವ ಪ್ರಕಾರ ಅತ್ತಿ ಅವತ್ತು ಬಂದೇ ಇರಲಿಲ್ಲ. ಅವನೇ ರಾಯಚೂರಿನಿಂದ ಬಂದಿದ್ದ, ಅತ್ತಿಯ ಬದಲು ಮಾವ ಬಂದಿದ್ದರು. ಡೈರಿಯಲ್ಲಿ ‘ಅತ್ತಿ ಕೋಲು ತಂದಿದ್ದಳು’ ಎಂದಿದೆ. ನಾನು ಡೈರಿಯ ಪಕ್ಷ. ಆದರೆ ಮಳೆಯ ವಿಷಯದಲ್ಲಿ ಡೈರಿಯನ್ನು ಒಪ್ಪಲಾರೆ. ಕೊನೆಯ ಗದ್ದೆ ಕೊಯ್ದು ಮುಗಿದು, ಭತ್ತಕ್ಕೆ ತಾಡಪಾಲು ಹೊದಿಸಿದ ಮೇಲೆ ದಪ್ಪ ಹನಿಗಳು ಬಿದ್ದವು, ಎಲ್ಲರೂ ಟ್ರ್ಯಾಕ್ಟರಿನ ಕೆಳಗೆ ನುಸುಳಿ ನಕ್ಕೆವು ಎಂದು ನನಗೆ ನೆನಪು. ಡೈರಿಯಲ್ಲಿ ಆ ದಿನದ ಕೊನೆಯ ಸಾಲು: ‘ಮೋಡ ಚದುರಿತು.’

ಭಾನುವಾರ ಮಾಸ್ತರು ಕೊಟ್ಟ ಒಂದು ಸಣ್ಣ ಚೀಲ ಭತ್ತ ಹಿಡಿದು ದೇವದುರ್ಗದ ಬಸ್ಸು ಹತ್ತಿದೆ. ಮನೆಯಲ್ಲಿ ಅವ್ವ ಹತ್ತಿ ಬಿಡಿಸಿ ಬಂದು ಕೂತಿದ್ದಳು. ಕತೆಯನ್ನೆಲ್ಲ ಕೇಳಿ ಅಂದಳು: “ಕಾಣಲಾರದ ಒಂದು ಅಕ್ಷರಕ್ಕ ನಾಲ್ಕು ದಿನ ಬೇಕಾತೇನ? ನಿನಗ ಓದಿಸಿದ್ದು ಕಾಣೋ ಅಕ್ಷರ ಅಷ್ಟ ಏನಬೇ?”

ಸರ್ ಹಿಂತಿರುಗಿದ ಮೇಲೆ ಎಲ್ಲವನ್ನೂ ಹೇಳಿದೆ, ಸೆಲ್ವಂನ ನಂಬರಿನ ಸಮೇತ. ಅವರು, ಜನ ಬಳಸುವ ಸರ್ವರಿನಲ್ಲಿ ಡಿಬಗ್ ಗುಂಡಿ ಯಾರೂ ಒತ್ತುವಂತಿಲ್ಲ, ತಾವೂ ಒತ್ತುವಂತಿಲ್ಲ ಎಂದು ಬರೆದು ಗೋಡೆಗೆ ಅಂಟಿಸಿದರು. ಖಾಜಾ ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದ: ಕಿವಿ ಕೊಡಿ, ಕಣ್ಣು ಕೊಡಬೇಡಿ. ಸೆಲ್ವಂನಿಗೆ ಹೊಸ ನಂಬರು ಮಾಡಿಸಿಕೊಡುತ್ತೇವೆಂದರೆ ಅವನು ಬೇಡವೆಂದ. ಈಗ ಹಿರೇಕೊಟ್ನೆಕಲ್‌ನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅವನಿಗೆ ಕರೆ ಹೋಗುತ್ತದೆ.

ಅವತ್ತು ಗುಂಡಿ ಒತ್ತಿದ್ದು ಯಾರು? ನನಗೆ ನನ್ನದೇ ಬೆರಳು ಕಾಣುತ್ತದೆ, ಅದರ ಮೇಲೆ ಅಂಟಿದ್ದ ಹಿಟ್ಟೂ ಕಾಣುತ್ತದೆ. ಖಾಜಾ ಮಾತ್ರ, “ನಾನೇ ಒತ್ತಿದ್ದು, ನೀ ಬರೇ ಹ್ಞೂಂ ಅಂದಿ,” ಎನ್ನುತ್ತಾನೆ. ಅವನು ಸ್ನೇಹಿತರಿಗಾಗಿ ಅಷ್ಟು ಸುಳ್ಳು ಹೇಳಬಲ್ಲವನು. ಡೈರಿ ತೆರೆದು ನೋಡಿದರೆ ‘ಆನ್ ಮಾಡಿದೆವು’ ಎಂದಿದೆ. ಬಹುವಚನ. ಅವತ್ತಿನ ಮಾದೇವಿ ಇವತ್ತಿನ ಮಾದೇವಿಯಿಂದ ಏನನ್ನು ಮುಚ್ಚಿಡಲು ಆ ಪ್ರತ್ಯಯ ಬಳಸಿದಳೋ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಗೋಡೆಯ ಮಾತನ್ನು ವಿವರಿಸುವಾಗ, ಇದನ್ನು ನಮ್ಮತ್ತಿ ಹೇಳಿದ್ದು ಎನ್ನುತ್ತೇನೆ. ಅತ್ತಿಗೆ ಅದು ಹೇಗೆ ಗೊತ್ತಿತ್ತು ಎಂದು ಒಬ್ಬಳು ಈಚೆಗೆ ಕೇಳಿದಳು. ಅತ್ತಿಯನ್ನೇ ಕೇಳಬೇಕು ಎಂದೆ.

ಬಿಸಿ ಹಿಟ್ಟಿನ ವಾಸನೆ ಮೂಗಿನಿಂದ ಹೋಗದ್ದರಿಂದ ಹೋದ ಭಾನುವಾರ ಮಾನ್ವಿಗೆ ಹೋದೆ. ಗಿರಣಿಗೆ ಹೊಸ ಮೋಟರ್ ಬಂದಿದೆ. ಡಬ್ಬಿಗಳ ಸಾಲು ಅದೇ. ಕೋಲು ಅದೇ, ಕಿವಿಗೆ ಹಚ್ಚುವ ತುದಿ ಇನ್ನಷ್ಟು ಸವೆದು ಹೊಳೆಯುತ್ತಿದೆ. ಅತ್ತಿ ನನ್ನ ಎರಡೂ ಕೈ ಹಿಡಿದು, ತಿರುವಿ ನೋಡಿ, “ಕೈ ಸಾಬೀತು ಅದಾವಲ್ಲ?” ಎಂದು ನಕ್ಕಳು. ಆ ಬುಧವಾರ ಅವಳು ಬೈಯದೆ ನನ್ನ ಕೈಗಳನ್ನೇ ನೋಡಿದ್ದು ಆಗ ನೆನಪಾಯಿತು. ನನ್ನ ಅಂಗೈಯ ಮೇಲೆ ಅವಳ ಉಗುರಿಲ್ಲದ ಬೆರಳಿತ್ತು.

“ಅತ್ತಿ,” ಎಂದೆ, “ತಿರುಗೋ ಗಿರಣಿ ಬಾಯಾಗ ನೀನೂ ಒಮ್ಮಿ ಇಣುಕಿದ್ದೇನು?”

ಅತ್ತಿ ನನ್ನ ಕೈ ಬಿಟ್ಟು ಕೋಲು ಎತ್ತಿಕೊಂಡಳು. ಒಂದು ತುದಿಯನ್ನು ಬೇರಿಂಗಿನ ಮೇಲಿಟ್ಟು, ಇನ್ನೊಂದನ್ನು ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿ, ಮಾತಾಡಬೇಡ ಎಂದು ಎಡಗೈ ಎತ್ತಿದಳು.